ಸಣ್ಣ ತೂತು, ದೊಡ್ಡ ಆಪರೇಷನ್

ಎಲ್ರಿಗೂ ನಮಸ್ಕಾರ. ಕರುಳಿನ ಕ್ಯಾನ್ಸರ್ ಅಂದ ತಕ್ಷಣ ಮನೆಯವ್ರು ಕೇಳೋ ಪ್ರಶ್ನೆ ಒಂದೇ, ಹೊಟ್ಟೆ ಪೂರ್ತಿ ಕೊಯ್ಬೇಕಾ ಇಲ್ಲಾ ತೂತು ಹಾಕಿ ಮಾಡ್ತೀರಾ, ಹಾಗೆ ಮಾಡಿದ್ರೆ ಗೆಡ್ಡೆ ಪೂರ್ತಿ ಬರತ್ತಾ ಅಂತ. ಈ ಅನುಮಾನ ಒಂದು ಕಾಲಕ್ಕೆ ಸರ್ಜನ್‌ಗಳಿಗೂ ಇತ್ತು ರೀ.

ದೊಡ್ಡ ಕರುಳನ್ನ ಲ್ಯಾಪರೋಸ್ಕೋಪಿಲಿ, ಅಂದ್ರೆ ಸಣ್ಣ ತೂತು ಹಾಕಿ ಕ್ಯಾಮೆರಾದಲ್ಲಿ ನೋಡ್ಕೊಂಡು, ತೆಗೆದ ಮೊದಲ ವರದಿ ಬಂದಿದ್ದು 1991ರಲ್ಲಿ, ಅಮೆರಿಕದಿಂದ. ಆಮೇಲೆ ಕೆಲವರಿಗೆ ಆ ತೂತಿನ ಜಾಗದಲ್ಲೇ ಕ್ಯಾನ್ಸರ್ ಮತ್ತೆ ಕಾಣಿಸ್ಕೊಂಡು ಎಲ್ರೂ ಹೆದರಿಬಿಟ್ರು. ಕೊನೆಗೆ 48 ಆಸ್ಪತ್ರೆಗಳಲ್ಲಿ 872 ಪೇಷೆಂಟ್‌ಗಳನ್ನ ಎರಡು ಗುಂಪು ಮಾಡಿ ನೋಡಿದ್ರು, 2004ರಲ್ಲಿ ರಿಸಲ್ಟ್ ಬಂತು: ಮೂರು ವರ್ಷದಲ್ಲಿ ರೋಗ ಮರಳಿದ್ದು ಲ್ಯಾಪರೋಸ್ಕೋಪಿಲಿ ನೂರಕ್ಕೆ 16, ಓಪನ್‌ನಲ್ಲಿ, ಅಂದ್ರೆ ಹೊಟ್ಟೆ ಕೊಯ್ದು ಮಾಡಿದ್ರಲ್ಲಿ, 18, ಅಂದ್ರೆ ಹೆಚ್ಚುಕಮ್ಮಿ ಒಂದೇ. ಗಾಯದ ಜಾಗದಲ್ಲಿ ಮರಳಿದ್ದು ಎರಡರಲ್ಲೂ ನೂರಕ್ಕೆ ಒಂದಕ್ಕಿಂತ ಕಮ್ಮಿ. ಆದ್ರೆ ಇದನ್ನ ಗಮನಿಸಿ, ಕನಿಷ್ಠ 20 ಇಂಥ ಆಪರೇಷನ್ ಮಾಡಿದ ಸರ್ಜನ್‌ಗಳನ್ನ ಮಾತ್ರ ಅದಕ್ಕೆ ಸೇರಿಸ್ಕೊಂಡಿದ್ರು.

ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಉಬ್ಬಿಸ್ತಾರೆ, ಒಂದು ತೂತಲ್ಲಿ ಕ್ಯಾಮೆರಾ, ಮಿಕ್ಕಿದ್ರಲ್ಲಿ ಉದ್ದನೆ ಸಾಮಾನು. ಮಾರನೇ ದಿನ ಭುಜ ನೋಯತ್ತೆ ಅಂತ ಗಾಬರಿ ಆಗ್ಬೇಡಿ, ಅದು ಸಾಮಾನ್ಯವಾಗಿ ಆ ಗ್ಯಾಸಿನ ಕಾಟ. ಇನ್ನು ಬರೀ ತೂತು ಅನ್ನೋದು ಅರ್ಧ ಸತ್ಯ, ಕತ್ತರಿಸಿದ ಕರುಳು ಆಚೆ ಬರೋಕೆ ಕೆಲವು ಸೆಂಟಿಮೀಟರ್ ಕೊಯ್ಯಲೇಬೇಕು. ಒಳಗೆ ಕೆಲಸ ಓಪನ್‌ನಷ್ಟೇ: ಗೆಡ್ಡೆ, ಅದರ ಎರಡೂ ಕಡೆ ಚೆನ್ನಾಗಿರೋ ಕರುಳು, ಜೊತೆಗಿರೋ ದುಗ್ಧಗ್ರಂಥಿಗಳು (ಲಿಂಫ್ ನೋಡ್). ಆ ಗ್ರಂಥಿ ಕನಿಷ್ಠ 12 ಸಿಕ್ಕಿ ಪರೀಕ್ಷೆ ಆಗ್ಬೇಕು, ಆಪರೇಷನ್ ಆದ್ಮೇಲಿನ ಬಯಾಪ್ಸಿ ರಿಪೋರ್ಟಲ್ಲಿ ಆ ನಂಬರ್ ಇರತ್ತೆ, ನೋಡಿ. ಹೊರಗಿನ ಕಲೆಗಿಂತ ನಂಗೆ ಅದೇ ಮುಖ್ಯ.

ಇನ್ನೊಂದು, ಮೊದಲು ಹೇಳಿದ ಆ 872 ಜನರ ಟ್ರಯಲಲ್ಲಿ ಲ್ಯಾಪರೋಸ್ಕೋಪಿ ಅಂತ ಶುರು ಮಾಡಿದ ನೂರರಲ್ಲಿ 21 ಜನಕ್ಕೆ ಮಧ್ಯದಲ್ಲಿ ಹೊಟ್ಟೆ ಕೊಯ್ಯಬೇಕಾಯ್ತು. ಗೆಡ್ಡೆ ಅಂಟ್ಕೊಂಡಿದ್ರೆ, ರಕ್ತ ನಿಲ್ಲದಿದ್ರೆ, ಓಪನ್ ಮಾಡೋದೇ ಸರಿ, ಅದಕ್ಕೆ ಡಾಕ್ಟ್ರನ್ನ ಬೈಯೋದು ನ್ಯಾಯ ಅಲ್ಲ.

ರೋಬೋಟ್, ಅಂದ್ರೆ ಸರ್ಜನ್ ನಡೆಸೋ ಯಂತ್ರದ ಕೈಗಳಿಂದ ಮಾಡೋ ಆಪರೇಷನ್, ಕೇಳ್ತೀರಾ? ಗುದನಾಳದ ಕ್ಯಾನ್ಸರ್‌ಗೆ 471 ಜನರಲ್ಲಿ ರೋಬೋಟನ್ನೂ ಲ್ಯಾಪರೋಸ್ಕೋಪಿನೂ ಹೋಲಿಸಿ ನೋಡಿದ ಟ್ರಯಲ್ 2017ರಲ್ಲಿ ಬಂತು, ಓಪನ್‌ಗೆ ತಿರುಗಿದ್ದು ರೋಬೋಟಲ್ಲಿ ನೂರಕ್ಕೆ 8, ಲ್ಯಾಪರೋಸ್ಕೋಪಿಲಿ 12, ಆ ವ್ಯತ್ಯಾಸ ಖಚಿತವಾಗಿ ಹೇಳೋಷ್ಟು ದೊಡ್ಡದಲ್ಲ ಅಂದ್ರು. ಹಾಗಾಗಿ ಸಾಲ ಮಾಡಿ ರೋಬೋಟ್ ಹುಡುಕೋಕೆ ಮುಂಚೆ ಸರ್ಜನ್ ಹತ್ರ ಕೂತು, ಇಂಥ ಆಪರೇಷನ್ ನೀವು ಎಷ್ಟು ಮಾಡಿದೀರಿ ಸಾರ್ ಅಂತ ಕೇಳಿ.