ಗೋದಲಿಯನ್ನು ಬಗ್ಗಿ ನೋಡಿ

ಕೇಳುಗರಿಗೆ ನಮಸ್ಕಾರ. ಕ್ರಿಸ್ಮಸ್ ಬಂತೆಂದರೆ ಮಂಗಳೂರಿನ ಚರ್ಚುಗಳಿಗೆ, ಕ್ರೈಸ್ತ ನೆರೆಹೊರೆಯವರ ಮನೆಗಳಿಗೆ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆ ಮಾದರಿ, ನೋಡಲು ಹೋಗುತ್ತೀರಿ ಅಲ್ವಾ? ನಾನು ಹೇಳುವುದು ಒಂದೇ ಮಾತು. ಬಗ್ಗಿ ನೋಡಿ. ನಿಂತು ನೋಡಿದರೆ ಕಾಣುವುದು ಮಾಡಿನ ಹುಲ್ಲು, ಮಿಣಮಿಣ ದೀಪ, ಅಷ್ಟೇ.

ಬಗ್ಗಿದರೆ ಮೊದಲು ಕಣ್ಣಿಗೆ ಬೀಳುವುದು ಪೈರು. ಹಬ್ಬಕ್ಕೆ ಮೊದಲೇ ಗೆರಟೆಯಲ್ಲೋ ತಟ್ಟೆಯಲ್ಲೋ ಮಣ್ಣು ತುಂಬಿ ರಾಗಿ, ಭತ್ತ ಬಿತ್ತಿರುತ್ತಾರೆ. ಆ ಬೆರಳುದ್ದದ ಹಸಿರಿನ ನಡುವೆ ಕುರಿಗಳು. ಹಳೇ ಮನೆಗಳಲ್ಲಿ ಯಾವುದಾದರೂ ಒಂದು ಕುರಿಯ ಕಾಲು ಮುರಿದಿರುತ್ತದೆ, ಬೆಂಕಿಕಡ್ಡಿ ಊರಿ ನಿಲ್ಲಿಸಿರುತ್ತಾರೆ. ಅಜ್ಜಿ ಕಾಲದ ಗೊಂಬೆ, ಬಿಸಾಡಲು ಮನಸ್ಸು ಬರುವುದಿಲ್ಲ.

ಇದೆಲ್ಲ ಶುರುವಾದ ಕತೆ ಹೇಳಲೇಬೇಕು. 1223ನೇ ಇಸವಿ. ಇಟಲಿಯ ಗ್ರೆಚ್ಚೊ ಎಂಬ ಗುಡ್ಡದೂರು. ಅಸ್ಸಿಸಿಯ ಸಂತ ಫ್ರಾನ್ಸಿಸರು ಅಲ್ಲಿನ ಗೆಳೆಯ ಜೊವಾನ್ನಿಗೆ ಹಬ್ಬಕ್ಕೆ ಹದಿನೈದು ದಿನ ಇರುವಾಗಲೇ ಹೇಳಿದರು: ಮೇವಿನ ತೊಟ್ಟಿ, ಬೈಹುಲ್ಲು, ಒಂದು ಎತ್ತು, ಒಂದು ಕತ್ತೆ ಹೊಂದಿಸಿಡು. ಬಾಲಯೇಸು ಎಷ್ಟು ಕಷ್ಟದಲ್ಲಿ ಹುಲ್ಲಿನ ಮೇಲೆ ಮಲಗಿತ್ತು ಎಂಬುದನ್ನು ಅವರಿಗೆ ಕಣ್ಣಾರೆ ನೋಡಬೇಕಿತ್ತು. ರಾತ್ರಿ ಸುತ್ತಲಿನ ಜನ ಪಂಜು, ಮೇಣದಬತ್ತಿ ಹಿಡಿದು ಬಂದರು. ಈಗಿನ ಹಾಗೆ ಗೊಂಬೆಗಳ ಸಾಲಿಲ್ಲ. ಉಸಿರಾಡುವ ಎತ್ತು, ಉಸಿರಾಡುವ ಕತ್ತೆ! ಆ ತೊಟ್ಟಿಯ ಮೇಲೆಯೇ ಬಲಿಪೂಜೆ, ಅಂದರೆ ಕ್ರೈಸ್ತರ ಮಾಸ್ ಪೂಜೆ. ಫ್ರಾನ್ಸಿಸರ ಚರಿತ್ರೆ ಬರೆದ ಚೆಲಾನೊದ ಥಾಮಸ್ ಇನ್ನೂ ಒಂದು ಸಂಗತಿ ಹೇಳುತ್ತಾರೆ, ನನಗೆ ಅದೇ ಜಾಸ್ತಿ ಇಷ್ಟ. ಆ ಹುಲ್ಲನ್ನು ಜನ ಎತ್ತಿಟ್ಟುಕೊಂಡರಂತೆ. ಕಾಯಿಲೆ ಬಿದ್ದ ದನಕರುಗಳಿಗೆ ತಿನ್ನಿಸಿದರೆ ವಾಸಿಯಾಗುತ್ತಿತ್ತಂತೆ. ನೋಡಿ, ಹಬ್ಬದಲ್ಲಿ ದನಕ್ಕೂ ಪಾಲು! ಇಷ್ಟೆಲ್ಲ ಹುಲ್ಲಿನಿಂದ ಶುರುವಾಗಿರುವಾಗ, ಬಗ್ಗದೆ ನೋಡುವುದು ಹೇಗೆ ಹೇಳಿ?

ಅಯ್ಯೋ, ಗಾಜಿನಾಚೆಯಿಂದ ಸಮಯ ಆಯ್ತು ಎಂದು ಕೈ ಮಾಡುತ್ತಿದ್ದಾರೆ. ಉಳಿದದ್ದು ಬೇಗ ಹೇಳಿಬಿಡುತ್ತೇನೆ. 24ರ ರಾತ್ರಿಗೆ ಮೊದಲು ಹೋದರೆ ತೊಟ್ಟಿ ಖಾಲಿ ಇರಬಹುದು. ಮರೆತಿದ್ದಲ್ಲ, ಬಾಲಯೇಸುವಿನ ಗೊಂಬೆಯನ್ನು ರಾತ್ರಿ ಪೂಜೆಗೆ ತಂದು ಮಲಗಿಸುತ್ತಾರೆ. ಬಾಲಯೇಸುವನ್ನು ನೋಡಲು ಒಂಟೆ ಏರಿ ಬಂದ ಜ್ಞಾನಿಗಳ ಹಬ್ಬ ಜನವರಿ 6ಕ್ಕೆ. ಅಲ್ಲಿಯವರೆಗೂ ಎಷ್ಟೋ ಕಡೆ ಗೋದಲಿ ಇರುತ್ತದೆ, ಹಾಗಾಗಿ ರಶ್ ಇಳಿದ ಮೇಲೆ ನಿಧಾನವಾಗಿ ಹೋಗಿ. ಮನೆಯವರು ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳ ತಟ್ಟೆ ಮುಂದಿಟ್ಟರೆ ಸುಮ್ನೆ ಸಂಕೋಚ ಬೇಡ. ಆದರೆ ಬಂದವರೇ ಗೋದಲಿಗೆ ಬೆನ್ನು ಹಾಕಿ ಸೆಲ್ಫಿಗೆ ನಿಲ್ಲುವವರನ್ನು ಕಂಡರೆ ನನಗೆ ರೇಗುತ್ತದೆ. ತೆಗೆಯಿರಿ, ಬೇಡ ಎನ್ನುವುದಿಲ್ಲ. ಮೊದಲು ಬಗ್ಗಿ ನೋಡಿ. ಮೊಣಕಾಲು ನೋವಿದ್ದವರು ಒಂದು ಸ್ಟೂಲ್ ಕೇಳಿ ಕೂತು ನೋಡಿ. ನಮಸ್ಕಾರ.