ಸೈಟು ಮಾರಿದ ಎರಡು ವರ್ಷಕ್ಕೆ

ಕೇಳುಗರಿಗೆ ನಮಸ್ಕಾರ.

ಅಮೆರಿಕದಲ್ಲಿ ನೆಲೆಸಿದ ಒಬ್ಬ ಕನ್ನಡಿಗ ದಂಪತಿ ಎಂದಿಟ್ಟುಕೊಳ್ಳಿ. ಇಬ್ಬರಿಗೂ ಅರವತ್ತೈದು ದಾಟಿದೆ. ಎಂದೋ ಕೊಂಡಿದ್ದ ಮೈಸೂರಿನ ಸೈಟನ್ನು 2023ರಲ್ಲಿ ಮಾರಿದರು. ಲಾಭಕ್ಕೆ ಇಲ್ಲಿ ತೆರಿಗೆ ಕಟ್ಟಿದರು, ಅಲ್ಲಿಯೂ ಲೆಕ್ಕ ಒಪ್ಪಿಸಿದರು. ಹಣ ಮೊಮ್ಮಗಳ ಕಾಲೇಜಿಗೆ ಹೋಗಿ ಕರಗಿಯೂ ಆಯಿತು. 2024ರ ಕೊನೆಗೆ ಸೋಷಿಯಲ್ ಸೆಕ್ಯುರಿಟಿ, ಅಂದರೆ ಅಲ್ಲಿನ ಸರ್ಕಾರಿ ಪಿಂಚಣಿ ಕಚೇರಿಯಿಂದ ಎರಡು ಲಕೋಟೆ ಬಂದವು, ಆತನಿಗೊಂದು, ಆಕೆಗೊಂದು. ಜನವರಿಯಿಂದ ಮೆಡಿಕೇರ್, ಅಂದರೆ ಅರವತ್ತೈದು ತುಂಬಿದವರಿಗೆ ಅಲ್ಲಿನ ಸರ್ಕಾರ ಕೊಡುವ ಆರೋಗ್ಯ ವಿಮೆಗೆ ಹೆಚ್ಚುವರಿ ಕಟ್ಟಬೇಕು.

ಈ ಹೆಚ್ಚುವರಿಯನ್ನು ಅಲ್ಲಿ ‘ಇರ್ಮಾ’ ಎನ್ನುತ್ತಾರೆ. ಹೆಸರು ಯಾರೋ ಅಜ್ಜಿಯದಿದ್ದಂತಿದೆ, ಲೆಕ್ಕ ಮಾತ್ರ ಬಲು ಬಿಗಿ. 2025ರ ಪ್ರೀಮಿಯಂ ನಿರ್ಧರಿಸಲು ನೋಡಿದ್ದು 2023ರ ಆದಾಯ. ದಂಪತಿಯ ಜಂಟಿ ಆದಾಯ 2,12,000 ಡಾಲರ್ ಒಳಗಿದ್ದರೆ ವೈದ್ಯರ ಚಿಕಿತ್ಸೆಯ ವಿಮೆಗೆ ಆ ವರ್ಷ ತಿಂಗಳಿಗೆ ತಲಾ 185 ಡಾಲರ್ ಇತ್ತು. ಒಂದೇ ಡಾಲರ್ ಮೀರಿದರೂ 259. ಇಬ್ಬರಿಗೂ ಸೇರಿ ವರ್ಷಕ್ಕೆ 1,776 ಡಾಲರ್ ಹೆಚ್ಚು! ಔಷಧ ವಿಮೆಯ ಹೆಚ್ಚುವರಿ ಬೇರೆ. ಇದು ಮೊದಲ ಮೆಟ್ಟಿಲು ಮಾತ್ರ, ಆದಾಯ ಏರಿದಂತೆ ಹೆಚ್ಚುವರಿಯೂ ಮೆಟ್ಟಿಲು ಹತ್ತುತ್ತದೆ.

ನಮ್ಮವರು ಎಡವುವುದು ಎಲ್ಲಿ ಗೊತ್ತೇ? ಭಾರತದಲ್ಲಿ ಕಟ್ಟಿದ ತೆರಿಗೆಗೆ ಅಲ್ಲಿ ಕ್ರೆಡಿಟ್ ಸಿಗುತ್ತದೆ, ಅಲ್ಲಿಗೆ ಮುಗಿಯಿತು ಎಂದುಕೊಳ್ಳುತ್ತಾರೆ. ಕ್ರೆಡಿಟ್ ಇಳಿಸುವುದು ತೆರಿಗೆಯನ್ನು. ಸೈಟಿನ ಲಾಭ ಆದಾಯದ ಸಾಲಿನಲ್ಲಿ ಹಾಗೆಯೇ ಕುಳಿತಿರುತ್ತದೆ. ಇರ್ಮಾದ ಕಣ್ಣು ಆ ಸಾಲಿನ ಮೇಲೆ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎನ್ನುತ್ತೇವಲ್ಲ, ಈ ಸುಂಕದವನು ಕೆಲವು ದುಃಖಗಳನ್ನು ಕೇಳುತ್ತಾನೆ. ನಿವೃತ್ತಿಯಾಗಿ ಸಂಬಳ ನಿಂತಿದ್ದರೆ, ಸಂಗಾತಿ ತೀರಿಕೊಂಡಿದ್ದರೆ, ವಿಚ್ಛೇದನವಾಗಿದ್ದರೆ, ಅದರಿಂದ ಆದಾಯ ಇಳಿದಿದ್ದರೆ ಎಸ್‌ಎಸ್‌ಎ-44 ಎಂಬ ಅರ್ಜಿಗೆ ದಾಖಲೆ ಲಗತ್ತಿಸಿ ಕೊಡಬಹುದು. ಹೊಸ ಆದಾಯದ ಮೇಲೆ ಲೆಕ್ಕ ಮಾಡುತ್ತಾರೆ. ತಾನಾಗಿ ಸೈಟು ಮಾರಿದ್ದು ಆ ಪಟ್ಟಿಯಲ್ಲಿ ಇಲ್ಲ.

ಹಾಗೆಂದು ಇದು ಜೀವನವಿಡೀ ಅಂಟುವ ಹೊರೆಯಲ್ಲ. 2024ರ ಆದಾಯ ಮಿತಿಯೊಳಗೆ ಇಳಿದರೆ 2026ಕ್ಕೆ ಹೆಚ್ಚುವರಿಯೂ ಹೋಗುತ್ತದೆ. ಇನ್ನೂ ಮಾರದವರು ಆ ವರ್ಷವೇ ನಿವೃತ್ತಿ ಖಾತೆಯಿಂದಲೂ ದೊಡ್ಡ ಮೊತ್ತ ತೆಗೆಯದಿದ್ದರೆ ಒಂದೆರಡು ಮೆಟ್ಟಿಲು ಕೆಳಗೇ ಉಳಿಯಬಹುದು. ಮೆಡಿಕೇರ್ ಶುರುವಾಗುವುದು ಅರವತ್ತೈದಕ್ಕೆ, ನೋಡುವುದು ಎರಡು ವರ್ಷ ಹಿಂದಿನ ಆದಾಯ, ಹಾಗಾಗಿ ಅರವತ್ತಮೂರು ತುಂಬುವ ವರ್ಷಕ್ಕೆ ಮೊದಲೇ ಮಾರಿದವರಿಗಂತೂ ಆ ಸೈಟಿನ ನೆಪದಲ್ಲಿ ಲಕೋಟೆ ಬರುವುದಿಲ್ಲ.

ನಮಸ್ಕಾರ.