ಯಾವ ಧ್ರುವ ಸ್ವಾಮಿ?

ಕೇಳುಗರಿಗೆ ನಮಸ್ಕಾರ. ಬೆಂಗಳೂರಿನಲ್ಲಿ ಸೈಟು ನೋಡಲು ಹೋದವರೆಲ್ಲ ಈಗ ಮೊಬೈಲ್‌ನಲ್ಲೇ ದಿಕ್ಸೂಚಿ ನೋಡುತ್ತಾರೆ. ಆ ಮುಳ್ಳಿನ ನೇರಕ್ಕೆ ಹೋದರೆ ಉತ್ತರ ಧ್ರುವ ಸಿಗುತ್ತದೆ ಅಂತ ನಂಬಿದ್ದಾರೆ. ಸಿಗಲ್ಲ! ಯಾರಾದರೂ ಧ್ರುವ ಅಂದರೆ ಮೊದಲು ಕೇಳಿ, ಯಾವ ಧ್ರುವ?

ಭೂಮಿ ಬುಗುರಿಯ ಹಾಗೆ ತಿರುಗುತ್ತದೆ ಅಲ್ವಾ, ಅದರ ಅಕ್ಷದ ಎರಡು ತುದಿಗಳೇ ಭೂಗೋಳದ ಧ್ರುವಗಳು. ಉತ್ತರದ್ದು ಹೆಪ್ಪುಗಟ್ಟಿದ ಸಮುದ್ರದಲ್ಲಿದೆ, ದಕ್ಷಿಣದ್ದು ಅಂಟಾರ್ಕ್ಟಿಕಾದಲ್ಲಿ. ದಿಕ್ಸೂಚಿಗೆ ಇವುಗಳ ಗೊಡವೆಯೇ ಇಲ್ಲ.

ಅದರ ಧ್ರುವ ಬೇರೆ, ಕಾಂತ ಧ್ರುವ ಅಂತ, ಆ ಕಥೆ ಹೇಳಲೇಬೇಕು. 1829ರಲ್ಲಿ ಜಾನ್ ರಾಸ್ ಎಂಬ ನಾವಿಕ ‘ವಿಕ್ಟರಿ’ ಹಡಗಿನಲ್ಲಿ ಇಂಗ್ಲೆಂಡಿನಿಂದ ಹೊರಟ. ಜೊತೆಗೆ ಸೋದರನ ಮಗ ಜೇಮ್ಸ್. ಕೆನಡಾದ ಉತ್ತರದಲ್ಲಿ ಹಡಗು ಮಂಜುಗಡ್ಡೆಗೆ ಸಿಕ್ಕಿಕೊಂಡಿತು. ಜೇಮ್ಸ್ ಸುಮ್ನೆ ಕೂರುವ ಆಸಾಮಿಯಲ್ಲ. 1831ರ ಜೂನ್ 1ರಂದು ಬೂಥಿಯಾ ಪರ್ಯಾಯದ್ವೀಪದ ತೀರಕ್ಕೆ ಹೋಗಿ, ಮೇಲಕ್ಕೂ ಕೆಳಕ್ಕೂ ಬಾಗುವ ಒಂದು ಸೂಜಿ ಹಿಡಿದು ಅಳೆದ. ಸೂಜಿ ನೆಟ್ಟಗೆ ನೆಲ ನೋಡುತ್ತಾ ನಿಂತಿತು, 89 ಡಿಗ್ರಿ 59 ಮಿನಿಟ್! ಅಂದರೆ ಕಾಂತ ಧ್ರುವ ಕಾಲಡಿಯಲ್ಲೇ. ಕಲ್ಲು ಪೇರಿಸಿ ಬಾವುಟ ನೆಟ್ಟ. ಮರುವರ್ಷ ಹಡಗನ್ನೇ ಬಿಟ್ಟು ಹೊರಡಬೇಕಾಯಿತು. 1833ರಲ್ಲಿ ಅವರನ್ನು ಕಾಪಾಡಿದ್ದು ‘ಇಸಬೆಲ್ಲಾ’ ಎಂಬ ತಿಮಿಂಗಿಲ ಬೇಟೆಯ ಹಡಗು, ಜಾನ್ ರಾಸ್ ಹಿಂದೊಮ್ಮೆ ತಾನೇ ನಾಯಕನಾಗಿದ್ದ ಹಡಗು! ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು. ಇಷ್ಟೆಲ್ಲ ಪಾಡುಪಟ್ಟು ಗುರುತು ಹಾಕಿದ ಧ್ರುವ ಅಲ್ಲಿ ನಿಲ್ಲಲೇ ಇಲ್ಲ. ಭೂಮಿಯ ಒಳಗೆ ಕರಗಿದ ಕಬ್ಬಿಣ ಹರಿಯುತ್ತಿರುತ್ತದೆ, ಕಾಂತಶಕ್ತಿ ಹುಟ್ಟುವುದು ಅದರಿಂದಲೇ, ಹರಿವು ಬದಲಾದರೆ ಧ್ರುವವೂ ಜರುಗುತ್ತದೆ. ಈಗ ಅದು ಕೆನಡಾ ಬಿಟ್ಟು ಸೈಬೀರಿಯಾ ಕಡೆಗೆ ವರ್ಷಕ್ಕೆ ಹತ್ತಾರು ಕಿಲೋಮೀಟರ್ ಸರಿಯುತ್ತಿದೆ. ಹಾಗಾದರೆ ಹೇಳಿ, ಯಾವ ಧ್ರುವ?

ಸಮಯ ಆಯ್ತು ಅಂತ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಆಕಾಶದ ಧ್ರುವ ಬೇಗ ಹೇಳಿಬಿಡುತ್ತೇನೆ. ಭೂಮಿಯ ಅಕ್ಷವನ್ನು ಹಾಗೇ ಮೇಲಕ್ಕೆ ಎಳೆದರೆ ಆಕಾಶದಲ್ಲಿ ಸಿಗುವ ಜಾಗ ಅದು. ಮದುವೆಯಲ್ಲಿ ತೋರಿಸುವ ಧ್ರುವ ನಕ್ಷತ್ರ (ಹಗಲಲ್ಲೂ ತೋರಿಸುತ್ತಾರೆ, ಇರಲಿ) ಅದರ ಹತ್ತಿರ ಇದೆ, ಸರಿಯಾಗಿ ಅಲ್ಲೇ ಇಲ್ಲ. ಬೆಂಗಳೂರಿನಲ್ಲಿ ಅದು ಉತ್ತರ ದಿಗಂತದಿಂದ ಸುಮಾರು 13 ಡಿಗ್ರಿ ಎತ್ತರದಲ್ಲಿ ಕಾಣಬೇಕು, ಚಾಚಿದ ಕೈಯ ಒಂದು ಮುಷ್ಟಿಗಿಂತ ಸ್ವಲ್ಪ ಜಾಸ್ತಿ. ಎದುರಿಗೆ ಅಪಾರ್ಟ್‌ಮೆಂಟ್ ಎದ್ದಿದ್ದರೆ ಅದೂ ಇಲ್ಲ.

ಇನ್ನು ಮ್ಯಾಗ್ನೆಟ್. ಎರಡು ತುಂಡು ಮಾಡಿದರೆ ಪ್ರತಿ ತುಂಡಿಗೂ ಮತ್ತೆ ಎರಡೆರಡು ಧ್ರುವ. ದಿಕ್ಸೂಚಿಯ ಉತ್ತರ ತುದಿಯನ್ನು ಎಳೆಯುವುದರಿಂದ, ಜೇಮ್ಸ್ ಹುಡುಕಿದ ಆ ಉತ್ತರದ ಧ್ರುವ ಮ್ಯಾಗ್ನೆಟ್ ಲೆಕ್ಕದಲ್ಲಿ ದಕ್ಷಿಣ ಧ್ರುವ! ಅದನ್ನು ಬಿಡಿಸಿ ಹೇಳಲು ಇನ್ನೊಮ್ಮೆ ಕರೆಯಬೇಕು. ನಮಸ್ಕಾರ.